ಸುಮ್ಮನೆ ಮಾತಾಡಿದರೆ ಏನು ಪ್ರಯೋಜನ?

ಓದುಗರ ಪ್ರಶ್ನೆಗಳಿಗೆ ಮನೋವೈದ್ಯರು ಮತ್ತು ಮನಃಶಾಸ್ತ್ರಜ್ಞರ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಕಾಸರಗೋಡಿನ ಕಡೆಯವು, ಒಂದು ತಮಿಳುನಾಡಿನ ಹೊಸೂರಿನದು. ಯಾರದೆಂದು ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇವೆ. ಪತ್ರ ಓದಿ ಇಂಥದ್ದೇ ಕಾಯಿಲೆ ಎಂದು ಹೇಳಲಾಗದು. ಎಲ್ಲಿಗೆ ಹೋಗಬೇಕು, ಹೋದ ಮೇಲೆ ಏನು ಕೇಳಬೇಕು, ಮನೆಯಲ್ಲಿ ಏನು ಮಾಡಬಹುದು ಎಂಬುದನ್ನು ಹೇಳಬಹುದು.

ಪ್ರಶ್ನೆ: ನನಗೆ 34 ವರ್ಷ. ಗಂಡ ದುಬೈಯಲ್ಲಿದ್ದಾರೆ. ಮನೆಯಲ್ಲಿ ನಾನು, ಎರಡನೇ ಕ್ಲಾಸಿನ ಮಗ, ಅತ್ತೆ, ಮಾವ. ಇತ್ತೀಚೆಗೆ ಸಣ್ಣ ಸಣ್ಣದಕ್ಕೂ ಮಗನ ಮೇಲೆ ರೇಗುತ್ತೇನೆ, ಒಂದೆರಡು ಸಲ ಹೊಡೆದೂ ಆಯಿತು. ಆಮೇಲೆ ಬಚ್ಚಲಿಗೆ ಹೋಗಿ ಅಳುತ್ತೇನೆ. ಒಬ್ಬರು ಕೌನ್ಸೆಲರ್ ಹತ್ತಿರ ಎರಡು ಸಲ ಹೋದೆ. ಅವರು ಕೇಳಿದ್ದೇ ಕೇಳಿದ್ದು, ಹೀಗೆ ಮಾಡಿ ಅಂತ ಒಂದು ಮಾತೂ ಹೇಳಲಿಲ್ಲ. "ಆಗ ನಿಮಗೆ ಏನನ್ನಿಸಿತು?" ಎಂದು ಕೇಳಿದರೆ ನನಗೆ ಉತ್ತರವೇ ಹೊಳೆಯುವುದಿಲ್ಲ. ಸುಮ್ಮನೆ ಮಾತಾಡಿದರೆ ಏನು ಪ್ರಯೋಜನ?
— ಗೃಹಿಣಿ, ಬದಿಯಡ್ಕ

ಉತ್ತರ: ಮೊದಲ ಒಂದೆರಡು ಭೇಟಿ ಸಾಮಾನ್ಯವಾಗಿ ಹಿನ್ನೆಲೆ ತಿಳಿಯುವುದರಲ್ಲೇ ಮುಗಿಯುತ್ತದೆ. ಯಾವಾಗ ಶುರುವಾಯಿತು, ನಿದ್ದೆ ಹೇಗಿದೆ, ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಹಿಂದೆ ಕಷ್ಟ ಬಂದಾಗ ಏನು ಮಾಡಿದಿರಿ, ಇವೆಲ್ಲ ಕೇಳದೆ ಕೊಡುವ ಸಲಹೆ "ಸ್ವಲ್ಪ ತಾಳ್ಮೆ ತಂದುಕೊಳ್ಳಿ" ಎಂಬಷ್ಟರಲ್ಲೇ ನಿಲ್ಲುತ್ತದೆ. ಅದನ್ನು ನಿಮಗೆ ಊರಿಡೀ ಹೇಳಿಯಾಗಿದೆ. ಆದರೆ ಮೂರನೆಯ ಅಥವಾ ನಾಲ್ಕನೆಯ ಭೇಟಿಯಲ್ಲಿ ಅವರು "ನಿಮ್ಮ ಕಷ್ಟ ನನಗೆ ಹೀಗೆ ಅರ್ಥವಾಗಿದೆ, ಸರಿಯಾ?" ಎಂದು ನಿಮ್ಮ ಮುಂದೆ ಇಡಬೇಕು. ಇಡದಿದ್ದರೆ ನೀವೇ ಕೇಳಿ: "ನಾವು ಯಾವ ಗುರಿಗೆ ಕೆಲಸ ಮಾಡುತ್ತಿದ್ದೇವೆ? ಅಂದಾಜು ಎಷ್ಟು ಭೇಟಿ ಬೇಕು? ಮನೆಯಲ್ಲಿ ನಾನು ಏನು ಮಾಡಬೇಕು?" ಈ ಪ್ರಶ್ನೆಗಳಿಂದ ಒಳ್ಳೆಯ ಸಮಾಲೋಚಕರಿಗೆ ಬೇಸರವಾಗುವುದಿಲ್ಲ. ಒಂದು ಭೇಟಿ 45ರಿಂದ 50 ನಿಮಿಷದ್ದು, ಹೆಚ್ಚಾಗಿ ವಾರಕ್ಕೊಮ್ಮೆ. ಉಳಿದ ಆರು ದಿನ ಇಪ್ಪತ್ತಮೂರು ಗಂಟೆ ನೀವು ಮನೆಯಲ್ಲೇ ಇರುತ್ತೀರಿ. ಬದಲಾವಣೆ ನಡೆಯಬೇಕಾದದ್ದು ಅಲ್ಲಿ.

ಏನನ್ನಿಸಿತು ಎಂದು ಗೊತ್ತಾಗದಿರುವುದು ದಡ್ಡತನ ಅಲ್ಲ. ಮನೆಗೆಲಸ, ಮಗುವಿನ ಶಾಲೆ, ಹಿರಿಯರ ಔಷಧಿ ಎಲ್ಲವನ್ನೂ ಒಬ್ಬರೇ ಹೊತ್ತಾಗ, ನನಗೆ ಏನಾಗುತ್ತಿದೆ ಎಂದು ನೋಡುವ ಅಭ್ಯಾಸವೇ ತಪ್ಪಿಹೋಗುತ್ತದೆ. ಅದನ್ನು ಮತ್ತೆ ಕಲಿಯಬಹುದು. 200 ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ, ಎರಡು ವಾರ ಬರೆಯಿರಿ. ಸಿಟ್ಟು ಬಂದ ಪ್ರತಿ ಸಲವೂ ಬೇಡ, ದಿನಕ್ಕೆ ಒಂದು ಘಟನೆ ಸಾಕು. ಐದು ವಿಷಯ ಬರೆಯಬೇಕು. ಮೊದಲು, ನಡೆದದ್ದೇನು, ಸಿ.ಸಿ. ಕ್ಯಾಮೆರಾಕ್ಕೆ ಕಂಡಷ್ಟೇ ಬರೆಯಿರಿ. ಆಮೇಲೆ, ಮೈಯಲ್ಲಿ ಏನಾಯಿತು: ದವಡೆ ಬಿಗಿಯಿತೇ, ಎದೆ ಭಾರವಾಯಿತೇ, ಮುಖ ಬಿಸಿಯಾಯಿತೇ, ಹೊಟ್ಟೆ ಕಿವುಚಿತೇ. ಮೂರನೆಯದು, ಆ ಕ್ಷಣ ತಲೆಯಲ್ಲಿ ಸುಳಿದ ಮಾತು. ನಾಲ್ಕನೆಯದು, ಭಾವನೆಯ ಹೆಸರು ಮತ್ತು ಸೊನ್ನೆಯಿಂದ ನೂರರೊಳಗೆ ಅದರ ತೀವ್ರತೆ. ಕೊನೆಗೆ, ನೀವು ಮಾಡಿದ್ದೇನು.

ಉದಾಹರಣೆಗೆ: "ಸಂಜೆ 6.30. ಮಗ ಹಾಲು ಚೆಲ್ಲಿದ. ಅತ್ತೆ ಏನೂ ಹೇಳದೆ ನನ್ನ ಮುಖ ನೋಡಿದರು. ಕುತ್ತಿಗೆ ಬಿಗಿಯಿತು, ಕಿವಿ ಬಿಸಿ. 'ಮಗುವನ್ನು ಸಾಕಲಿಕ್ಕೂ ಇವಳಿಗೆ ಬರುವುದಿಲ್ಲ ಅಂತ ಅಂದುಕೊಂಡರು.' ಅವಮಾನ 80, ಕೋಪ 60, ಒಂಟಿತನ 70. ಮಗನಿಗೆ ಕಿರುಚಿದೆ."

ಹೀಗೆ ಹತ್ತು ಹನ್ನೆರಡು ಘಟನೆ ಕಾಗದದ ಮೇಲೆ ಬಂದಾಗ, ಹಾಲು ಚೆಲ್ಲಿದ ಎಲ್ಲ ದಿನ ಸಿಟ್ಟು ಬಂದಿಲ್ಲ, ಯಾರಾದರೂ ನೋಡುತ್ತಿದ್ದ ದಿನ ಮಾತ್ರ ಬಂದಿದೆ ಎಂಬಂಥ ಸಂಗತಿ ಕಾಣಬಹುದು. ಭಾವನೆ ಕೇಂದ್ರಿತ ಚಿಕಿತ್ಸೆಯನ್ನು ರೂಪಿಸಿದ ಲೆಸ್ಲಿ ಗ್ರೀನ್‌ಬರ್ಗ್ ಇದನ್ನು ಮೊದಲ ಭಾವನೆ, ಅದನ್ನು ಮುಚ್ಚುವ ಎರಡನೆಯ ಭಾವನೆ ಎಂದು ಬೇರ್ಪಡಿಸುತ್ತಾರೆ. ಮೇಲೆ ಕಾಣುವುದು ಕೋಪ, ಅದಕ್ಕಿಂತ ಅರೆಕ್ಷಣ ಮೊದಲು ಬಂದದ್ದು ಅವಮಾನ ಅಥವಾ ಒಂಟಿತನ. ಕೋಪವನ್ನಷ್ಟೇ ಅದುಮುತ್ತಾ ಹೋದರೆ ಒಳಗಿನದು ಹಾಗೇ ಉಳಿಯುತ್ತದೆ. ಭಾವನೆಗೆ ಹೆಸರಿಡುವುದರಿಂದ ಆಗುವ ಬದಲಾವಣೆಯನ್ನು ಮಿದುಳಿನ ಸ್ಕ್ಯಾನ್‌ನಲ್ಲೂ ನೋಡಿದ್ದಾರೆ. ಅಮೆರಿಕದ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೋಪ ಅಥವಾ ಹೆದರಿಕೆಯ ಮುಖಗಳನ್ನು ನೋಡಿ ಆ ಭಾವನೆಯ ಹೆಸರನ್ನು ಗುರುತಿಸಿದಾಗ, ಭಯಕ್ಕೆ ಸ್ಪಂದಿಸುವ ಅಮಿಗ್ಡಲ ಎಂಬ ಭಾಗದ ಚಟುವಟಿಕೆ ತಗ್ಗಿತ್ತು.

ಬರೆಯುವಾಗ ಸಾಮಾನ್ಯವಾಗಿ ಮೂರು ಕಡೆ ತಪ್ಪುತ್ತದೆ. "ಅವರು ನನ್ನನ್ನು ಲೆಕ್ಕಕ್ಕೇ ಇಡುವುದಿಲ್ಲ ಅನ್ನಿಸಿತು" ಎಂದು ಭಾವನೆಯ ಜಾಗದಲ್ಲಿ ಬರೆಯುತ್ತಾರೆ. ಅದು ಯೋಚನೆ. ಅದರ ಜೊತೆ ಬಂದ ಭಾವನೆ ಬೇಜಾರೋ, ಹೆದರಿಕೆಯೋ, ನಾಚಿಕೆಯೋ ಬೇರೆ ಇರುತ್ತದೆ. ಎರಡನೆಯದು, ಮರುದಿನ ಬರೆಯುವುದು. ಅಷ್ಟರಲ್ಲಿ ಮನಸ್ಸು ನ್ಯಾಯ ತೀರ್ಮಾನ ಮಾಡಿ ಮುಗಿಸಿರುತ್ತದೆ. ಅರ್ಧ ಗಂಟೆಯೊಳಗೆ ನಾಲ್ಕು ಸಾಲು ಗೀಚಿದರೆ ಸಾಕು. ಮೂರನೆಯದು, ಮನೆಯವರು ಓದಿಬಿಟ್ಟಾರೆಂಬ ಭಯದಲ್ಲಿ ಚಂದ ಮಾಡಿ ಬರೆಯುವುದು. ಆ ಭಯವಿದ್ದರೆ ಹೆಸರುಗಳಿಗೆ ಒಂದೊಂದು ಅಕ್ಷರ ಇಟ್ಟುಕೊಳ್ಳಿ, ಇಲ್ಲವೇ ಲಾಕ್ ಹಾಕಿದ ಮೊಬೈಲಿನಲ್ಲಿ ಬರೆಯಿರಿ.

ಮಗನ ವಿಷಯ ಎರಡು ವಾರ ಕಾಯುವಂಥದ್ದಲ್ಲ. ಕೈ ಎತ್ತುವಷ್ಟು ಬಿಗಿ ಬಂದಾಗ, ಮಗು ಅಪಾಯದಲ್ಲಿ ಇಲ್ಲವೆಂದು ನೋಡಿಕೊಂಡು, "ನನಗೆ ಸಿಟ್ಟು ಬಂದಿದೆ, ಐದು ನಿಮಿಷದಲ್ಲಿ ಬರುತ್ತೇನೆ" ಎಂದು ಹೇಳಿ ಅಂಗಳಕ್ಕೆ ಇಳಿಯಿರಿ. ಹೇಳಿದ ಹಾಗೆ ವಾಪಸು ಬನ್ನಿ. ಹೇಳದೆ ಎದ್ದುಹೋದರೆ ಮಗು ಇನ್ನೂ ಹೆದರುತ್ತದೆ. ಹೊಡೆದುಬಿಟ್ಟಿದ್ದರೆ ಅಂದೇ ಕ್ಷಮೆ ಕೇಳಿ: "ನಾನು ಹೊಡೆದದ್ದು ತಪ್ಪು. ಹಾಲು ಚೆಲ್ಲಿದ್ದಕ್ಕೆ ಯಾರಿಗೂ ಹೊಡೆಯಬಾರದು." ಅದಕ್ಕೆ "ಆದರೆ ನೀನು" ಎಂದು ಬಾಲ ಕಟ್ಟಬೇಡಿ.

ಜೊತೆಗೆ ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಇವೆರಡು ಏರುಪೇರಾದರೂ ಆಯಾಸ, ಕಿರಿಕಿರಿ ಹೆಚ್ಚುತ್ತದೆ. ರೇಗುವ ದಿನಗಳು ಮುಟ್ಟಿನ ಹಿಂದಿನ ವಾರಕ್ಕೆ ಹೊಂದುತ್ತವೆಯೇ ಎಂದೂ ಗುರುತು ಹಾಕಿ. ಮನೆಯಲ್ಲಿ ಯಾರಾದರೂ ನಿಮ್ಮ ಮೇಲೆ ಕೈ ಮಾಡುತ್ತಿದ್ದರೆ ಅದನ್ನು ಸಮಾಲೋಚಕರಿಗೆ ಮೊದಲೇ ಹೇಳಿ, ಏಕೆಂದರೆ ಆಗ ಮೊದಲ ಕೆಲಸ ನಿಮ್ಮ ಸುರಕ್ಷತೆ. ಕೇರಳ ಸರಕಾರದ ಮಹಿಳಾ ಸಂಘಟನೆ ಕುಟುಂಬಶ್ರೀಯ 'ಸ್ನೇಹಿತಾ' ಕೇಂದ್ರದಲ್ಲಿ ಇದಕ್ಕೆ ಸಮಾಲೋಚನೆಯೂ ನೆರವೂ ಸಿಗುತ್ತದೆ.

ಪ್ರಶ್ನೆ: ಕಾಲೇಜಿನ ಕೌನ್ಸೆಲರ್‌ಗೆ ಹೇಳಿದ್ದು ಮನೆಗೆ ಗೊತ್ತಾಗುತ್ತದಾ? ನನಗೆ 19. ಮುಂದೆ ಮದುವೆ ಮಾತುಕತೆಗೆ ತೊಂದರೆಯಾದೀತು ಅಂತ ಅಮ್ಮನಿಗೆ ಹೆದರಿಕೆ.
— ವಿದ್ಯಾರ್ಥಿನಿ, ಕಾಸರಗೋಡು

ಉತ್ತರ: ನಿಮಗೆ 18 ದಾಟಿದೆ. ನಿಮ್ಮ ಒಪ್ಪಿಗೆ ಇಲ್ಲದೆ ಮನೆಗೆ ಹೇಳಬಾರದು. ಮಾನಸಿಕ ಆರೋಗ್ಯ ಕಾಳಜಿ ಕಾಯಿದೆ 2017ರ 23ನೇ ಸೆಕ್ಷನ್ ಚಿಕಿತ್ಸೆಯ ಮಾಹಿತಿ ಗುಟ್ಟಾಗಿರುವ ಹಕ್ಕನ್ನು ಕೊಡುತ್ತದೆ. ಗುಟ್ಟು ಬಿಡಬಹುದಾದ ಸಂದರ್ಭ ಕೆಲವೇ: ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದಾಗ, ನ್ಯಾಯಾಲಯದ ಆದೇಶ ಬಂದಾಗ, ಚಿಕಿತ್ಸೆ ಕೊಡುವ ಇನ್ನೊಬ್ಬ ವೈದ್ಯರಿಗೆ ತಿಳಿಸಲೇಬೇಕಾದಾಗ. 18 ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ ಪೋಕ್ಸೊ ಕಾಯಿದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮೊದಲ ದಿನವೇ "ನಾನು ಹೇಳಿದ್ದರಲ್ಲಿ ಯಾವುದನ್ನು, ಯಾರಿಗೆ ಹೇಳುತ್ತೀರಿ? ಬರೆದದ್ದು ಎಲ್ಲಿ ಇರುತ್ತದೆ?" ಎಂದು ಕೇಳಿ. ಸ್ಟಾಫ್ ರೂಮಿನ ಮೂಲೆಯಲ್ಲಿ ಕೂರಿಸಿ ಮಾತಾಡಿಸುತ್ತಿದ್ದರೆ ಬೇರೆ ಕೋಣೆ ಬೇಕೆಂದು ಹೇಳಲು ಸಂಕೋಚ ಬೇಡ.

ಪ್ರಶ್ನೆ: ಅಡಿಕೆ ಕೃಷಿಕ, 41 ವರ್ಷ. ಆರು ತಿಂಗಳ ಹಿಂದೆ ಬಸ್ಸಿನಲ್ಲಿ ಮಂಗಳೂರಿಗೆ ಹೋಗುವಾಗ ಎದೆ ಡವಡವ, ಉಸಿರು ಕಟ್ಟಿದ ಹಾಗೆ, ಕೈಬೆರಳು ಜೋಮು. ಸತ್ತೇ ಹೋದೆ ಅಂದುಕೊಂಡೆ. ಇಸಿಜಿ, ಎಕೋ, ಟ್ರೆಡ್‌ಮಿಲ್ ಎಲ್ಲ ನಾರ್ಮಲ್. ಡಾಕ್ಟ್ರು "ಟೆನ್ಶನ್, ಮಂಡೆಬೆಚ್ಚ ಮಾಡಬೇಡಿ" ಅಂದರು. ಈಗ ಬಸ್ಸು ಹತ್ತುವುದೇ ಬಿಟ್ಟಿದ್ದೇನೆ. ಕಿಸೆಯಲ್ಲಿ ಯಾವಾಗಲೂ ಹೆದರಿಕೆ ತಗ್ಗಿಸುವ ಅಲ್‌ಪ್ರಜೋಲಾಮ್ ಮಾತ್ರೆ. ಮಾತಾಡಿ ಇದು ಗುಣವಾಗುತ್ತದಾ?
— ಮುಳ್ಳೇರಿಯ

ಉತ್ತರ: ಹೃದಯದ ಪರೀಕ್ಷೆ ಮಾಡಿಸಿದ್ದು ಸರಿಯಾಯಿತು. ನೀವು ಬರೆದದ್ದು ಪ್ಯಾನಿಕ್ ಅಟ್ಯಾಕ್‌ಗೆ ಹೊಂದುತ್ತದೆ. ಇದಕ್ಕೆ ಅರಿವಿನ ವರ್ತನಾ ಚಿಕಿತ್ಸೆ, ಎಂದರೆ ಸಿಬಿಟಿ, ಚೆನ್ನಾಗಿ ಕೆಲಸ ಮಾಡುತ್ತದೆ. ಸಾಮಾನ್ಯವಾಗಿ 10ರಿಂದ 14 ಭೇಟಿ. ಇದರಲ್ಲಿ ಮಾತು ಸ್ವಲ್ಪ, ಅಭ್ಯಾಸ ಹೆಚ್ಚು.

ದೇಹದಲ್ಲಿ ನಡೆಯುವುದು ಇಷ್ಟು: ಸೆಕೆಗೋ, ನಿದ್ದೆಗೆಟ್ಟೋ, ಖಾಲಿ ಹೊಟ್ಟೆಗೆ ಕಾಫಿ ಕುಡಿದೋ ಎದೆಬಡಿತ ಸ್ವಲ್ಪ ಏರುತ್ತದೆ. "ಹಾರ್ಟ್ ಅಟ್ಯಾಕ್!" ಎಂಬ ಯೋಚನೆ ಬರುತ್ತದೆ. ಹೆದರಿಕೆಗೆ ಅಡ್ರಿನಲಿನ್ ಹೆಚ್ಚಿ ಬಡಿತ ಇನ್ನೂ ಏರುತ್ತದೆ, ಉಸಿರು ವೇಗವಾಗುತ್ತದೆ. ವೇಗದ ಉಸಿರಿನಿಂದ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಅದರಿಂದ ಬೆರಳು, ತುಟಿ ಜೋಮು ಹಿಡಿದು ತಲೆ ಹಗುರಾದಂತೆ ಆಗುತ್ತದೆ. ಆ ಜೋಮು ಕಂಡು ಹೆದರಿಕೆ ದುಪ್ಪಟ್ಟು. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ತಾನಾಗಿ ಇಳಿಯುತ್ತದೆ. ಆದರೆ ನೀವು ಆ ಮೊದಲೇ ಬಸ್ಸಿನಿಂದ ಇಳಿದು ಬಿಡುವುದರಿಂದ, "ಇಳಿದದ್ದಕ್ಕೆ ಬದುಕಿದೆ" ಎಂದು ಮನಸ್ಸು ಕಲಿಯುತ್ತದೆ. ಕಿಸೆಯ ಮಾತ್ರೆ, ಬಾಗಿಲ ಪಕ್ಕದ ಸೀಟು, ಜೊತೆಯಲ್ಲಿ ಒಯ್ಯುವ ಇಸಿಜಿ ಫೈಲು ಇವೆಲ್ಲ ಅದೇ ಪಾಠವನ್ನು ಗಟ್ಟಿ ಮಾಡುತ್ತವೆ.

ಆದ್ದರಿಂದ ಮೆಟ್ಟಿಲು ಮೆಟ್ಟಿಲಾಗಿ ವಾಪಸು ಹೋಗಬೇಕು. ಭಯಕ್ಕೆ ಸೊನ್ನೆಯಿಂದ ನೂರರವರೆಗೆ ಅಂಕ ಕೊಟ್ಟು ಪಟ್ಟಿ ಮಾಡಿ. ಜೊತೆಗೊಬ್ಬರು ಇದ್ದು ಬೋವಿಕ್ಕಾನದವರೆಗೆ: 30. ಅದೇ ದಾರಿ ಒಬ್ಬರೇ: 40. ಚೆರ್ಕಳದವರೆಗೆ ಒಬ್ಬರೇ: 50. ಬೆಳಗ್ಗಿನ ರಶ್ಶಿನಲ್ಲಿ ಕಾಸರಗೋಡು: 60. ಅಲ್ಲಿಂದ ಕುಂಬಳೆ: 70, ತಲಪಾಡಿ: 85, ಮಂಗಳೂರು: 95. ಕೆಳಗಿನಿಂದ ಶುರು ಮಾಡಿ. ಒಂದೇ ಮೆಟ್ಟಿಲನ್ನು ವಾರದಲ್ಲಿ ಮೂರು ನಾಲ್ಕು ಸಲ ಮಾಡಿ. ಭಯದ ಅಂಕ ಅರ್ಧಕ್ಕೆ ಇಳಿದ ಮೇಲೆ ಮುಂದಿನದು. ಹೊರಡುವ ಮೊದಲು "ಏನಾಗುತ್ತದೆ ಎಂದು ಅಂದುಕೊಂಡಿದ್ದೇನೆ" ಎಂದೂ, ಬಂದ ಮೇಲೆ "ಆದದ್ದೇನು" ಎಂದೂ ಬರೆಯಿರಿ. ಈ ಎರಡರ ನಡುವಿನ ಅಂತರವೇ ಚಿಕಿತ್ಸೆ. ಅರ್ಧ ದಾರಿಯಲ್ಲಿ ಭಯ ಏರಿದರೆ ಇಳಿಯಬೇಡಿ, ಇಳಿಯುವುದೇ ಆದರೆ ಭಯ ಸ್ವಲ್ಪ ತಗ್ಗಿದ ಮೇಲೆ ಇಳಿಯಿರಿ. ತಿಂಗಳಿಗೊಂದು ಸಲ ಹಲ್ಲು ಕಚ್ಚಿ ಹೋಗಿಬರುವುದರಿಂದ ಉಪಯೋಗ ಕಡಿಮೆ.

ಸಿಬಿಟಿಯಲ್ಲಿ ಇನ್ನೊಂದು ಅಭ್ಯಾಸವಿದೆ. ಚಿಕಿತ್ಸಕರ ಎದುರಿನಲ್ಲೇ ಒಂದು ನಿಮಿಷ ಬೇಕೆಂದೇ ವೇಗವಾಗಿ ಉಸಿರಾಡಿಸಿ ಅದೇ ಜೋಮು, ಅದೇ ತಲೆಸುತ್ತು ಬರಿಸುತ್ತಾರೆ. ಅದು ಬಂದು ಹೋಗುತ್ತದೆ, ಏನೂ ಆಗುವುದಿಲ್ಲ ಎಂದು ದೇಹಕ್ಕೇ ಗೊತ್ತಾಗಬೇಕು. ಹೃದ್ರೋಗ, ಆಸ್ತಮಾ, ಅಪಸ್ಮಾರ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.

ಅಲ್‌ಪ್ರಜೋಲಾಮನ್ನು ಕೆಲವು ವಾರ ದಿನಾ ತೆಗೆದುಕೊಂಡರೆ ಅಭ್ಯಾಸವಾಗಿಬಿಡುತ್ತದೆ. ಹಾಗೆಂದು ದಿನಾ ತೆಗೆದುಕೊಳ್ಳುತ್ತಿದ್ದವರು ಒಮ್ಮೆಲೇ ಬಿಡಬೇಡಿ, ಫಿಟ್ಸ್ ಬರುವ ಅಪಾಯವಿದೆ. ವೈದ್ಯರು ಪ್ರಮಾಣವನ್ನು ನಿಧಾನವಾಗಿ ಇಳಿಸುತ್ತಾರೆ. ಎಸ್‌ಎಸ್‌ಆರ್‌ಐ ಗುಂಪಿನ, ಎಂದರೆ ಖಿನ್ನತೆ, ಆತಂಕ ಎರಡಕ್ಕೂ ಕೊಡುವ ಮಾತ್ರೆ ಬರೆದುಕೊಟ್ಟರೆ, ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸುವುದು, ಚಡಪಡಿಕೆ ಆಗಬಹುದು. ಎಷ್ಟೋ ಮಂದಿ ಆಗಲೇ "ಇದು ನನಗೆ ಆಗುವುದಿಲ್ಲ" ಎಂದು ನಿಲ್ಲಿಸುತ್ತಾರೆ. ನಿಲ್ಲಿಸುವ ಮೊದಲು ವೈದ್ಯರಿಗೆ ಫೋನು ಮಾಡಿ. ಇನ್ನು, ಗುಡ್ಡ ಹತ್ತುವಾಗ ಬಂದು, ಕೂತರೆ ಕಡಿಮೆಯಾಗುವ ಎದೆನೋವು, ಎಡಗೈಗೋ ದವಡೆಗೋ ಹರಡುವ ನೋವು, ತಣ್ಣನೆ ಬೆವರು ಬಂದರೆ ಅದನ್ನು ಪ್ಯಾನಿಕ್ ಎಂದು ತಳ್ಳಿಹಾಕದೆ ನೇರ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಸೈಕಿಯಾಟ್ರಿಸ್ಟ್, ಸೈಕಾಲಜಿಸ್ಟ್, ಕೌನ್ಸೆಲರ್, ಥೆರಪಿಸ್ಟ್. ಬೋರ್ಡು ನೋಡಿ ಹೇಗೆ ನಂಬುವುದು?
— ಹೊಸೂರು

ಉತ್ತರ: ಸೈಕಿಯಾಟ್ರಿಸ್ಟ್ ಎಂದರೆ ಎಂಬಿಬಿಎಸ್ ಆದ ಮೇಲೆ ಮನೋವೈದ್ಯಕೀಯದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಓದಿದ ವೈದ್ಯರು. ಔಷಧಿ ಬರೆಯುವವರು ಅವರೇ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂ.ಫಿಲ್ ಅಥವಾ ಸೈ.ಡಿ ಮಾಡಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿರಬೇಕು. ಅವರಿಗೆ ಸಿಆರ್‌ಆರ್ ಎಂಬ ನೋಂದಣಿ ನಂಬರ್ ಇರುತ್ತದೆ, ಕೇಳಿದರೆ ತೋರಿಸಬೇಕು. 'ಕೌನ್ಸೆಲರ್' ಎಂಬ ಬೋರ್ಡಿನ ಹಿಂದೆ ಮನಃಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವರೂ ಇದ್ದಾರೆ, ಎಂಎಸ್‌ಡಬ್ಲ್ಯೂ ಮಾಡಿದವರೂ ಇದ್ದಾರೆ, ವಾರಾಂತ್ಯದ ಕೋರ್ಸು ಮುಗಿಸಿದವರೂ ಇದ್ದಾರೆ. ಹಾಗಾಗಿ ಓದು ಏನು, ಮೇಲ್ವಿಚಾರಣೆಯಲ್ಲಿ ಎಷ್ಟು ಕೆಲಸ ಮಾಡಿದ್ದೀರಿ, ಯಾವ ಪದ್ಧತಿ, ನನ್ನಂಥ ತೊಂದರೆ ನೋಡಿದ್ದೀರಾ ಎಂದು ಕೇಳಲೇಬೇಕು. "ಮೂರೇ ಸಿಟ್ಟಿಂಗ್‌ನಲ್ಲಿ ಗ್ಯಾರಂಟಿ" ಎನ್ನುವವರು, ಇನ್ನೊಬ್ಬರ ಗುಟ್ಟನ್ನು ಉದಾಹರಣೆಯಾಗಿ ಹೇಳುವವರು, ವೈದ್ಯರ ಮಾತ್ರೆ ಬಿಡಿ ಎನ್ನುವವರು, ಹೊರಗೆ ಭೇಟಿಯಾಗೋಣ ಎನ್ನುವವರು ಬೇಡ. ನಿಮ್ಮ ಊರಿನ ಹೆದ್ದಾರಿ ಬೆಂಗಳೂರಿಗೆ ಹೋಗಿ ಮುಟ್ಟುವ ಹೊಸೂರು ರಸ್ತೆಯಲ್ಲೇ ನಿಮ್ಹಾನ್ಸ್ ಇದೆ. ಖಾಸಗಿ ಶುಲ್ಕ ಭಾರವಾದರೆ, ಕನ್ನಡದಲ್ಲೇ ಮಾತಾಡಬೇಕು ಎನ್ನಿಸಿದರೆ, ಅಲ್ಲಿನ ಹೊರರೋಗಿ ವಿಭಾಗವನ್ನು ನೆನಪಿಡಿ.

ಪ್ರಶ್ನೆ: ಅಮ್ಮ ತೀರಿಕೊಂಡು ಐದು ತಿಂಗಳು. ಅಪ್ಪನಿಗೆ 68. ತೋಟಕ್ಕೆ ಇಳಿಯುವುದಿಲ್ಲ, ಊಟ ಅರ್ಧಕ್ಕೆ ಬಿಡುತ್ತಾರೆ, "ನಾನು ಇದ್ದು ಏನಾಗಬೇಕು" ಅನ್ನುತ್ತಾರೆ. ಅವರಿಗೆ ತುಳು, ಕನ್ನಡ ಬಿಟ್ಟರೆ ಬೇರೆ ಬರುವುದಿಲ್ಲ, ಆಸ್ಪತ್ರೆಯಲ್ಲಿ ಎಲ್ಲ ಮಲಯಾಳ. ನಾನು ನಡುವೆ ನಿಂತು ಹೇಳಬೇಕಾಗುತ್ತದೆ.
— ಶಿಕ್ಷಕಿ, ಕುಂಬಳೆ

ಉತ್ತರ: ಐದು ತಿಂಗಳಿಗೆ ದುಃಖ ಇರುವುದು ಸಹಜ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ಕಾಯಿಲೆಗಳ ಪಟ್ಟಿಯ ಪ್ರಕಾರ, ತೀವ್ರ ದುಃಖ ಕನಿಷ್ಠ ಆರು ತಿಂಗಳು ತಗ್ಗದೆ, ಆ ಸಮಾಜದ ರೂಢಿಯನ್ನೂ ಮೀರಿ, ದಿನದ ಬದುಕನ್ನೇ ಕೆಡಿಸಿದರೆ ಮಾತ್ರ ಅದು ಬೇರೆ ಕಾಯಿಲೆ. ಆದರೆ ನೀವು ಬರೆದದ್ದರಲ್ಲಿ ಖಿನ್ನತೆಯ ಗುರುತುಗಳಿವೆ. ದುಃಖ ಅಲೆಯಲೆಯಾಗಿ ಬರುತ್ತದೆ, ನಡುವೆ ಮೊಮ್ಮಕ್ಕಳ ಮಾತಿಗೆ ನಗುವೂ ಬರುತ್ತದೆ. ಖಿನ್ನತೆ ದಿನದ ಹೆಚ್ಚು ಹೊತ್ತು, ಎರಡು ವಾರಕ್ಕೂ ಮೀರಿ, ಯಾವುದರಲ್ಲೂ ರುಚಿ ಇಲ್ಲದಂತೆ ಮಾಡುತ್ತದೆ. ತಾನೇ ಬೇಡದವನು ಎನ್ನಿಸುತ್ತದೆ.

"ಇದ್ದು ಏನಾಗಬೇಕು" ಎಂಬ ಮಾತನ್ನು ವಯಸ್ಸಾದವರ ಗೊಣಗು ಎಂದು ಬಿಡಬೇಡಿ. ಇಂದೇ, ಅವರೊಬ್ಬರೇ ಇರುವಾಗ, ನೇರವಾಗಿ ಕೇಳಿ: "ಅಪ್ಪ, ಸಾಯಬೇಕು ಅಂತ ಅನ್ನಿಸುತ್ತದಾ? ಹೇಗೆ ಅಂತ ಯೋಚಿಸಿದ್ದೀರಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ; ಹೆಚ್ಚಿನವರಿಗೆ ಹೇಳಿಕೊಂಡ ಸಮಾಧಾನವಾಗುತ್ತದೆ. ಹೌದು ಎಂದರೆ ಒಬ್ಬರನ್ನೇ ಬಿಡದೆ ಅದೇ ದಿನ ಮನೋವೈದ್ಯರಿಗೆ ತೋರಿಸಿ. ಉತ್ತರ ಏನೇ ಇರಲಿ, ತೋಟದ ಕೀಟನಾಶಕ, ಕಳೆನಾಶಕಗಳನ್ನು ಮನೆಯಿಂದ ಹೊರಗೆ ಬೇರೆಯವರ ವಶಕ್ಕೆ ಕೊಡಿ. ಅಮ್ಮನ ಉಳಿದ ಮಾತ್ರೆಗಳನ್ನೂ ತೆಗೆದುಬಿಡಿ.

ಭಾಷೆಯ ವಿಷಯ. ಮಗಳಾಗಿ ನೀವು ನಡುವೆ ನಿಂತರೆ ಎರಡು ತೊಂದರೆ. ನಿಮ್ಮ ಎದುರು ಅಪ್ಪ ಸಾವಿನ ಮಾತು ಆಡಲಿಕ್ಕಿಲ್ಲ. ಆಡಿದರೂ ನೀವು ಅದನ್ನು ಮೆತ್ತಗೆ ಮಾಡಿ ಮಲಯಾಳದಲ್ಲಿ ಹೇಳುತ್ತೀರಿ. ಕಾಸರಗೋಡಿನ ಆಸ್ಪತ್ರೆಗಳಲ್ಲಿ ತುಳುವೋ ಕನ್ನಡವೋ ಬಲ್ಲ ದಾದಿಯರು, ಆಶಾ ಕಾರ್ಯಕರ್ತೆಯರು ಸಿಗುತ್ತಾರೆ. ಅವರನ್ನು ಕರೆಸಲು ಮೊದಲೇ ಕೇಳಿಕೊಳ್ಳಿ. ಹೋಗುವ ಮೊದಲು ಒಂದು ಹಾಳೆಯಲ್ಲಿ ನಿದ್ದೆಯ ಗಂಟೆ, ಊಟದ ಪ್ರಮಾಣ, ಇಳಿದ ತೂಕ, ಈಗಿರುವ ಮಾತ್ರೆಗಳು ಮತ್ತು ಅಪ್ಪ ಆಡಿದ ಮಾತುಗಳನ್ನು ಅವರದೇ ನುಡಿಯಲ್ಲಿ ಬರೆದು ಒಯ್ಯಿರಿ. ಕೇರಳದ ಕುಟುಂಬ ಆರೋಗ್ಯ ಕೇಂದ್ರಗಳ 'ಆಶ್ವಾಸಂ' ಕ್ಲಿನಿಕ್‌ಗಳಲ್ಲಿ ಖಿನ್ನತೆಯ ತಪಾಸಣೆ ನಡೆಯುತ್ತದೆ. ಅಲ್ಲಿಂದ ಶುರು ಮಾಡಬಹುದು. ಕೇಂದ್ರ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಹಗಲೂ ರಾತ್ರಿ ಉಚಿತ. 2022ರ ಅಕ್ಟೋಬರಿನಲ್ಲಿ ಶುರುವಾಯಿತು, ಭಾಷೆ ಆರಿಸಿಕೊಳ್ಳಬಹುದು, ಕನ್ನಡ ಇದೆ. ಕರೆ ಮಲಯಾಳದಲ್ಲಿ ಸಿಕ್ಕಿದರೆ "ಕನ್ನಡದವರು ಬೇಕು" ಎಂದು ಹೇಳಿ.

ಮನೆಯಲ್ಲಿ "ಮರೆತುಬಿಡಿ" ಎನ್ನಬೇಡಿ. ಅಮ್ಮನ ಹೆಸರೆತ್ತಿ ಮಾತಾಡಿ. ಬೆಳಗ್ಗೆ ಹತ್ತು ನಿಮಿಷ ತೋಟದ ಒಂದು ಸಾಲಿನವರೆಗೆ ಮಾತ್ರ, ಅವರ ಜೊತೆಗೆ ನಡೆಯಿರಿ. ಮನಸ್ಸು ಬಂದ ಮೇಲೆ ಹೋಗುತ್ತೇನೆ ಎಂದು ಕಾದರೆ ಖಿನ್ನತೆಯಲ್ಲಿ ಮನಸ್ಸು ಬರುವುದೇ ಇಲ್ಲ. ಕಾಲು ಮೊದಲು ಹೋಗಬೇಕು. ವಾರಕ್ಕೆ ಐದು ನಿಮಿಷದಂತೆ ಹೆಚ್ಚಿಸಿ.

ಪ್ರಶ್ನೆ: ತಮ್ಮನಿಗೆ 26. ಬೈಪೋಲಾರ್ (ಉನ್ಮಾದ, ಖಿನ್ನತೆ ಬಂದು ಹೋಗುವ ಕಾಯಿಲೆ) ಎಂದು ಲಿಥಿಯಂ ಕೊಡುತ್ತಿದ್ದಾರೆ, ಒಂದು ವರ್ಷದಿಂದ ಆರಾಮಾಗಿದ್ದಾನೆ. ಹಿರಿಯರು ಇದು ದೈವದ ಉಪದ್ರ, ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಿ ಮಾತ್ರೆ ನಿಲ್ಲಿಸಿ ಅನ್ನುತ್ತಾರೆ. ತರವಾಡಿನಲ್ಲಿ (ಕುಟುಂಬದ ಮೂಲಮನೆಯಲ್ಲಿ) ರಾತ್ರಿಯಿಡೀ ನಡೆಯುವ ದೈವದ ನೇಮವೂ ಇದೆ, ಅವನು ಉಪವಾಸ ಕೂರಬೇಕಂತೆ. ಏನು ಮಾಡುವುದು?
— ಪೈವಳಿಕೆ

ಉತ್ತರ: ಹಿರಿಯರ ಜೊತೆ ನಂಬಿಕೆಯ ಮೇಲೆ ವಾದಕ್ಕೆ ಇಳಿಯಬೇಡಿ. ಪ್ರಶ್ನೆ ಇಡಿಸಲಿ, ಹರಕೆ ಹೊರಲಿ. ಕುಟುಂಬವೆಲ್ಲ ತಮ್ಮನಿಗಾಗಿ ಒಟ್ಟು ಸೇರುವುದರಿಂದ ಅವನಿಗೆ ಬಲವೇ ಬರುತ್ತದೆ. ಮಾತ್ರೆ ಮಾತ್ರ ನಿಲ್ಲಬಾರದು. ಲಿಥಿಯಂ ಒಮ್ಮೆಲೇ ಬಿಟ್ಟರೆ ಕಾಯಿಲೆ ತಿಂಗಳುಗಳೊಳಗೆ, ಮೊದಲಿಗಿಂತ ಜೋರಾಗಿ ಮರಳುವ ಸಾಧ್ಯತೆ ಹೆಚ್ಚು. ಆತ್ಮಹತ್ಯೆಯ ಅಪಾಯವೂ ಏರುತ್ತದೆ.

ನೀರು ಸಹ ಕುಡಿಯದ ಉಪವಾಸ ಬೇಡ. ದೇಹದಲ್ಲಿ ನೀರು, ಉಪ್ಪು ಕಡಿಮೆಯಾದರೆ ಮೂತ್ರಪಿಂಡ ಲಿಥಿಯಂ ಅನ್ನು ಹೊರಹಾಕುವುದಿಲ್ಲ, ರಕ್ತದಲ್ಲಿ ಅದು ವಿಷದ ಮಟ್ಟಕ್ಕೆ ಏರುತ್ತದೆ. ವಾಂತಿ, ಭೇದಿ, ಕೈ ದೊಡ್ಡದಾಗಿ ನಡುಗುವುದು, ತೂರಾಡುವುದು, ಮಾತು ತೊದಲುವುದು ಕಂಡರೆ ಮುಂದಿನ ಡೋಸ್ ಕೊಡದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಮೈಕೈ ನೋವಿಗೆಂದು ಅಂಗಡಿಯಿಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ತಂದು ಕೊಡುವುದೂ ಅಪಾಯ, ಬೇಕಾದರೆ ಪ್ಯಾರಸಿಟಮಾಲ್. ಹಾಲು, ಹಣ್ಣು, ಎಳನೀರು ಸೇರಿದ ವ್ರತಕ್ಕೆ ಹಿರಿಯರು ಒಪ್ಪುತ್ತಾರೆಯೇ ಎಂದು ಕೇಳಿ, ವೈದ್ಯರಿಗೂ ಮೊದಲೇ ತಿಳಿಸಿ. ಲಿಥಿಯಂ ಮಟ್ಟದ ರಕ್ತಪರೀಕ್ಷೆಯನ್ನು ಕೊನೆಯ ಡೋಸ್ ಆಗಿ 12 ಗಂಟೆಗೆ ಮಾಡಿಸಬೇಕು ಎಂಬುದು ನೆನಪಿರಲಿ.

ಮಾತ್ರೆಯ ಜೊತೆಗೆ ಸಮಾಲೋಚನೆ ಅವನಿಗೂ ಬೇಕು, ಮನೆಯವರಿಗೂ ಬೇಕು. ಕಾಯಿಲೆ ಏರುವ ಮೊದಲು ಅವನಲ್ಲಿ ಕಾಣುವ ಗುರುತುಗಳನ್ನು ಎಲ್ಲರೂ ಕೂತು ಬರೆದಿಡುವುದೇ ಅಲ್ಲಿನ ಮುಖ್ಯ ಕೆಲಸ: ಮೂರು ಗಂಟೆ ಮಲಗಿದರೂ ಆಯಾಸ ಇಲ್ಲದಿರುವುದು, ಮಾತಿನ ವೇಗ, ದುಡ್ಡು ಖರ್ಚು, ನಡುರಾತ್ರಿ ಹತ್ತಾರು ಜನರಿಗೆ ಫೋನು. ಇವುಗಳಲ್ಲಿ ಎರಡು ಕಂಡರೆ ಯಾರು ವೈದ್ಯರಿಗೆ ಫೋನು ಮಾಡುವುದು ಎಂಬುದನ್ನು, ಅವನು ಆರಾಮಾಗಿರುವ ಈಗಲೇ, ಅವನ ಒಪ್ಪಿಗೆಯಿಂದ ಗೊತ್ತುಮಾಡಿ. ಬೈಪೋಲಾರ್ ಇರುವವರಿಗೆ ಒಂದು ರಾತ್ರಿಯ ನಿದ್ದೆಗೇಡೇ ಉನ್ಮಾದವನ್ನು ಎಬ್ಬಿಸಬಹುದು. ನೇಮದ ರಾತ್ರಿ ಅವನು ಸಂಜೆ ದೈವದ ಭಂಡಾರ (ಆಭರಣ, ಆಯುಧಗಳು) ಬರುವಾಗ ಇದ್ದು, ಮಾತ್ರೆ ತೆಗೆದುಕೊಂಡು, ಸದ್ದು ಕೇಳದ ಹತ್ತಿರದ ನೆಂಟರ ಮನೆಯಲ್ಲಿ ಮಲಗಿ, ಬೆಳಗ್ಗೆ ಪ್ರಸಾದಕ್ಕೆ ಬರಲಿ.